ಅಹ್ಮದಿಯ ಪಿಚರ್ ಪೊರ್ಬುಗಳು

“ಪೊರ್ಬುಗಳನ್ನು ಊರಿಗೆ ಕಳಿಸ್ಬೇಡ ಮಗಾ,” ಎಂದ ಪುತ್ತಬ್ಬ, ಕುವೈಟಿನ ಅಹ್ಮದಿಯ ಆಟದ ಮೈದಾನದ ಬೇಲಿ ಪಕ್ಕ ಪಿಕಪ್ ನಿಲ್ಲಿಸುತ್ತಾ. “ಇಲ್ಲೇ ಮಣ್ಣು ಮಾಡಿ ಅಂತ ನನ್ನ ಹತ್ರ ಹೇಳಿದ್ದಾರೆ.”

ಪಕ್ಕದಲ್ಲಿ ಕೂತಿದ್ದ ಕಾರ್ಮೆಲ್ ಬೆಚ್ಚಿದಳು. ಪೊರ್ಬುಗಳೆಂದು ಗೆಳೆಯ ಪುತ್ತಬ್ಬ ಗೌರವದಿಂದ ಕರೆಯುತ್ತಿದ್ದ ಅಪ್ಪ ಸ್ಯಾಮುವೆಲ್ ಮಥಾಯಸರ ಶವದ ಪೆಟ್ಟಿಗೆ ನಾಳೆಯ ವಿಮಾನಕ್ಕೆ ಹೋಗಬೇಕಿತ್ತು. ಊರಿನ ಇಗರ್ಜಿಯ ಸ್ಮಶಾನದಲ್ಲಿ ಗುಂಡಿ ತೋಡಲು ಹೇಳಿಯೂ ಆಗಿತ್ತು. ಕುವೈಟಿನಲ್ಲಿ ಸತ್ತವರು ಊರಿಗೆ ಹೋಗುವುದೇ ಪದ್ಧತಿ, ಸತ್ತವನಿಗೆ ಎಲ್ಲಿ ಇಷ್ಟವಿತ್ತೆಂದು ಯಾರು ಕೇಳುತ್ತಾರೆ?

ನಿಜ ಹೇಳಬೇಕೆಂದರೆ ಅವಳಿಗೆ ದುಃಖಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ಬೆಳಿಗ್ಗೆ ಶವಾಗಾರದ ಎದುರು ಅಮೆರಿಕನ್ನರು, ಫಿಲಿಪಿನೋಗಳು, ಬಿಳಿಗಡ್ಡದ ಒಬ್ಬ ಕುವೈತಿ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು, ಎಲ್ಲ ಅಪ್ಪನ ಬೇಸ್‌ಬಾಲ್ ಗೆಳೆಯರಂತೆ. ಅವಳಿಗೆ ಗೊತ್ತಿದ್ದ ಅಪ್ಪ ಎಣ್ಣೆ ಕಂಪೆನಿಯ ಸ್ಟೋರ್‌ಕೀಪರ್. ವರ್ಷಕ್ಕೊಂದು ತಿಂಗಳು ಬಂದು ನೆರೆಕರೆಗೆ ಟ್ಯಾಂಗ್ ಶರಬತ್ತು ಪುಡಿಯ ಡಬ್ಬಿ ಹಂಚಿ ಹೋಗುವವನು. ಶುಕ್ರವಾರ ಏನೋ ಆಡುತ್ತಾನೆಂದು ಕೇಳಿದ್ದಳು, ಅಷ್ಟೆ. ತಾನೇ ಕುವೈಟ್ ನಗರದ ಶರ್ಕಿನ ಬ್ಯಾಂಕಿಗೆ ಕೆಲಸಕ್ಕೆ ಬಂದ ಮೇಲೂ ಒಮ್ಮೆಯೂ ಬಂದು ಆಟ ನೋಡಿರಲಿಲ್ಲ. ಊರವರಂತೂ ಪತ್ರಿಕೆಯ ನಿಧನ ವಾರ್ತೆಯಲ್ಲಿ ‘ಹೆಸರಾಂತ ಕ್ರಿಕೆಟಿಗ’ ಎಂದೇ ಹಾಕಿಸಿಬಿಟ್ಟಿದ್ದರು. ಬ್ಯಾಟು ಕಂಡರೆ ನಮ್ಮವರಿಗೆ ಬೇರೇನು ಹೊಳೆಯುತ್ತದೆ ಹೇಳಿ.

“ಬೇಸ್‌ಬಾಲಲ್ಲಿ ಡ್ಯಾಡಿ ಎಂತ ಮಾಡ್ತಿದ್ದದ್ದು, ಪುತ್ತಬ್ಬಾಕ?”

“ಚೆಂಡು ಎಸೀತಿದ್ರು. ಪಿಚರ್. ನಾನು ಆಚೆ ಕೂತು ಹಿಡೀತಿದ್ದೆ. ಅಮೆರಿಕದವರಿಗೆ ಒಂದು ಆಳು ಕಮ್ಮಿ ಬಿತ್ತು ಅಂತ ಸ್ಟೋರಿಂದ ಕರ್ಕೊಂಡು ಹೋದದ್ದು. ಮರುವರ್ಷ ಇವರು ಯಾರ ಟೀಮಿಗೆ ಅಂತ ಅವರೊಳಗೇ ಜಗಳ. ಹೋದ ತಿಂಗಳು ಇಲ್ಲೇ ಕೂತು ಹೇಳಿದ್ರು, ‘ಊರಲ್ಲಿ ನಾನು ಯಾರು ಮಾರಾಯ? ಇಲ್ಲಿ ಮಣ್ಣಾದ್ರೆ ಆಡುವ ಮಕ್ಕಳಾದ್ರೂ ಬಂದು ನೋಡಿಯಾರು’ ಅಂತ.”

ಕಾರ್ಮೆಲ್‌ಗೆ ಆ ಮಾತು ಚುಚ್ಚಿತು. ಮೊಬೈಲ್ ತೆಗೆದು ಊರಿಗೆ ಹಚ್ಚಿ ಅಪ್ಪನ ಆಸೆ ಹೇಳಿದಳು. ತಾಯಿ ಮಗ್ದಲೀನ್‌ರ ಕೊಂಕಣಿ ಫೋನಿನಿಂದ ಹೊರಗೂ ಕೇಳುತ್ತಿತ್ತು. ಪುತ್ತಬ್ಬನಿಗೂ ಅದು ಅರ್ಥವಾಗುತ್ತಿತ್ತು.

“ಅವರಿಗೆ ಆಸೆ ಇದ್ದಿರಬಹುದು. ನನಗಿಲ್ವಾ? ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಜೊತೆ ಇದ್ದದ್ದೆಷ್ಟು? ಬಂದ ದಿನವೇ ಹೋಗುವ ಟಿಕೆಟನ್ನು ಕಪಾಟಲ್ಲಿ ಇಡ್ತಿದ್ರು. ಅದನ್ನು ನೋಡಿ ನೋಡಿ ನಾನು ಆ ಒಂದು ತಿಂಗಳೂ ಸರಿ ನಿದ್ದೆ ಮಾಡಿದವಳಲ್ಲ. ಈ ಸಲ ವಾಪಸ್ ಟಿಕೆಟ್ ಇಲ್ಲ. ಕಳಿಸು ಬಾಯ್, ನನ್ನ ಮಗಳೇ.”

ಕಾರ್ಮೆಲ್ ಅತ್ತಳು. ಸತ್ತ ಸುದ್ದಿ ಬಂದಾಗಲೂ ಹೀಗೆ ಅತ್ತಿರಲಿಲ್ಲ.

“ನಿನ್ನ ತಾಯಿ ಬಾಯಮ್ಮನೇ ಹೇಳಿದ ಮೇಲೆ ನಂದೆಂತ ಉಂಟು?” ಎಂದ ಪುತ್ತಬ್ಬ ಕಡೆಗೆ. “ಕಳಿಸು. ಖಲಾಸ್.”

ಬೇಲಿಯಾಚೆ ಫಿಲಿಪಿನೋ ಹುಡುಗಿಯರಿಬ್ಬರು ಮರಳಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಪುತ್ತಬ್ಬ ಅವರನ್ನೇ ನೋಡುತ್ತಾ ಕೇಳಿದ.

“ಊರಿನ ಸ್ಮಶಾನದ ಹತ್ರ ಎಂತ ಉಂಟು?”

“ಇಗರ್ಜಿ ಶಾಲೆಯ ಮೈದಾನ. ನಡುವೆ ಒಂದು ಗೋಡೆ ಮಾತ್ರ.”

“ಮಕ್ಕಳು ಆಡ್ತಾರಾ?”

“ದಿನಾ ಆಡ್ತಾರೆ. ಚೆಂಡು ಗೋರಿಗಳ ಮೇಲೆ ಬೀಳ್ತಾ ಇರ್ತದೆ. ನಾವು ಗೋಡೆ ಹಾರಿ ಹೆಕ್ಕಿ ತರ್ತಿದ್ದೆವು, ಫಾದರ್ ಬೈತಿದ್ರು.”

ಪುತ್ತಬ್ಬ ಕೀಲಿಗೆ ಕೈ ಹಾಕಿದ. ತಿರುಗಿಸಲಿಲ್ಲ.

“ಗೋಡೆ ತುಂಬ ಎತ್ತರ ಇಲ್ಲ ಅಲ್ವಾ?” ಎಂದ.