ಅರ್ಧ ಒತ್ತಿದ ಬೆರಳು

ಹುಡುಗಿ ಸಹಿ ಹಾಕಿ ಪೆನ್ನನ್ನು ಹುಡುಗನ ಕೈಗೆ ಕೊಟ್ಟಳು. ಕೊಡುವಾಗ ಬಿಡದೆ, ಒಂದು ಗಳಿಗೆ ಹಿಡಿದುಕೊಂಡೇ ಅವನ ಮುಖ ನೋಡಿದಳು. ನೋಂದಣಿ ಕಚೇರಿಯ ಆ ಮದುವೆಯಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ. ಹೊಸ ಕ್ಯಾಮೆರಾದ ಕಿಂಡಿಯೊಳಗೆ ಅವಳ ಕಣ್ಣಿನ ಮೇಲೆ ಪುಟ್ಟ ಹಸಿರು ಚೌಕ ಬಂದು ಕೂತಿತ್ತು. ಅವಳು ತಿರುಗಿದರೆ ಅದೂ ತಿರುಗುತ್ತಿತ್ತು, ಸಾಕಿದ ಗಿಳಿಯ ಹಾಗೆ. ನಾನು ಒತ್ತಿದೆ.

ಸದ್ದು ಮಾಡಬೇಡಿ ಎಂದು ಅಧಿಕಾರಿ ಮೊದಲೇ ಹೇಳಿದ್ದರು. ಹಾಗಾಗಿ ಕ್ಯಾಮೆರಾದ ಬಾಯಿ ಮುಚ್ಚಿಸಿದ್ದೆ. ಈ ಮಿರರ್‌ಲೆಸ್ ಕ್ಯಾಮೆರಾದ ಹೊಟ್ಟೆಯಲ್ಲಿ ಮೇಲೆ ಕೆಳಗೆ ಬಡಿದುಕೊಳ್ಳುವ ಕನ್ನಡಿಯಿಲ್ಲ, ಬೇಡವೆಂದರೆ ಉಸಿರೂ ಬಿಡದೆ ಫೋಟೋ ತೆಗೆಯುತ್ತದೆ. ಅದು ತೆಗೆಯಿತೋ ಇಲ್ಲವೋ ಬೆರಳಿಗೇ ಗೊತ್ತಾಗಬೇಕು.

ಹೊರಗೆ ಉದ್ದನೆಯ ಓಣಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕ ನಿಂತು ತೆಗೆದದ್ದನ್ನು ನೋಡಿದೆವು. ನಾವು ಅಂದರೆ ನಾನು ಮತ್ತು ಬಲ್ಬಣ್ಣ. ನಮ್ಮ ಸ್ಟುಡಿಯೋದ ದೀಪಗಳನ್ನೆಲ್ಲ ಹೊರುವವನು ಅವನು. ತಲೆಯಲ್ಲಿ ಹೆಸರಿಗೂ ಕೂದಲಿಲ್ಲ, ಹಾಗಾಗಿ ಎರಡು ಕಾರಣಕ್ಕೂ ಬಲ್ಬು. ಪರದೆಯ ಮೇಲೆ ಖಾಲಿ ಕುರ್ಚಿ ಬಂತು, ಅಧಿಕಾರಿಯ ಕನ್ನಡಕ ಬಂತು, ಆಮೇಲೆ ನೇರವಾಗಿ ಹುಡುಗ ಹುಡುಗಿ ಎದ್ದು ನಿಂತಿರುವುದು ಬಂತು.

"ನಡುವಿನದೆಲ್ಲಿ?" ಎಂದ ಬಲ್ಬಣ್ಣ.

"ಇಲ್ಲ."

"ಇಲ್ಲ ಅಂದ್ರೆ?"

"ಅರ್ಧ ಒತ್ಕೊಂಡೇ ನಿಂತಿದ್ದೆ ಅಂತ ಕಾಣತ್ತೆ. ಪೂರ್ತಿ ಒತ್ತಿಲ್ಲ."

ಅವನು ನನ್ನ ಬೆರಳನ್ನು ನೋಡಿದ. ಅದು ಇನ್ನೂ ಬಟನ್ ಮೇಲೇ ಇತ್ತು.

"ತಾಯಿ," ಅಂದ ಮೆಲ್ಲಗೆ, "ಮದುವೆ ಆಗಿಹೋಯ್ತು, ನೀವಿನ್ನೂ ಮುಹೂರ್ತ ನೋಡ್ತಾ ಇದೀರಲ್ಲ."

ಒಳಗೆ ಹೋಗಿ ಅವನೇ ಅದೇನು ಪುಸಲಾಯಿಸಿದನೋ, ಅಧಿಕಾರಿ ಗೊಣಗುತ್ತ ಮತ್ತೆ ಪುಸ್ತಕ ಬಿಚ್ಚಿದರು. ಮುಚ್ಚಳ ತೆಗೆಯದ ಪೆನ್ನಿನಲ್ಲಿ ಇಬ್ಬರೂ ಸಹಿ ಹಾಕಿದ ಹಾಗೆ ಮಾಡಿದರು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಪೆನ್ನು ಕೊಟ್ಟಳು, ಕೂಡಲೇ ಬಿಟ್ಟಳು. ಈ ಸಲ ನಾನು ಬಿಡದೆ ಒತ್ತಿದ್ದೆ. ಒಂದೇ ತರಹದ ನೂರಾರು ಫೋಟೋ ಬಂದವು. ಒಂದರಲ್ಲೂ ಆ ಗಳಿಗೆ ಇರಲಿಲ್ಲ.

ಈ ಮದುವೆಗೆ ಕೆಲವು ತಿಂಗಳ ಮುಂಚೆ ಬಲ ಮಣಿಕಟ್ಟಿನಲ್ಲಿ ನರವೊಂದು ಸಿಕ್ಕಿಕೊಂಡಿತ್ತು ನನಗೆ. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಗಾಯ ಒಣಗಿತು. ಆದರೆ ಬಲಗೈಯ ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಹಿಡಿದಿದ್ದ ಜೋಮು ಬಿಡಲೇ ಇಲ್ಲ. ಬೆರಳು ಮಡಚುತ್ತದೆ, ಚಮಚ ಹಿಡಿಯುತ್ತದೆ, ಬೇರೆ ಯಾರದೋ ಬೆರಳಿನ ಹಾಗೆ. ಸ್ಪರ್ಶ ವಾಪಸ್ಸು ಬಂದರೂ ಬರಬಹುದು ಅಂದರು ಡಾಕ್ಟರು. ಜೋಮು ಬೆರಳಿನಷ್ಟಕ್ಕೇ ಇರುತ್ತದೆ ಅಂತಲೂ ಅಂದಿದ್ದರು. ಆದರೆ ಆ ಓಣಿಯಲ್ಲಿ ನಿಂತಾಗ ನನಗೆ ಅಳು ಬರಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಡ್ರಮ್ಮಿನ ನಲ್ಲಿ ತೊಟ್ಟಿಕ್ಕುತ್ತಿದೆ, ಯಾರಾದರೂ ತಿರುಗಿಸಬಾರದೇ ಅಂತ ಅನ್ನಿಸಿತು, ಅಷ್ಟೇ.

ನಮ್ಮ ಸ್ಟುಡಿಯೋದ ಯಜಮಾನರು ಬೈಯಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

"ನೋಡಮ್ಮ," ಅಂದರು, "ಕಂಪ್ಯೂಟರ್ ಮುಂದೆ ಒಂದು ಕುರ್ಚಿ ಇದೆ. ಬೇರೆಯವರು ತೆಗೆದದ್ದನ್ನ ಆರಿಸೋದು, ಬಣ್ಣ ಸರಿ ಮಾಡೋದು. ನಿನಗೆ ಕಣ್ಣಿದೆ. ಅಲ್ಲಿ ಕೂತ್ಕೋ."

"ಶಾಶ್ವತವಾಗಾ ಸಾರ್?"

ಅವರು ಲೆನ್ಸ್ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. "ಶನಿವಾರ ಅಂಗಡಿ ಖಾಲಿ ಇರತ್ತೆ. ನನ್ನನ್ನೇ ಕೂರಿಸಿ ತೆಗಿ. ಅದೊಂದು ನೋಡೋಣ. ಸರಿಯಾಗಿ ಬಂದ್ರೆ ಕ್ಯಾಮೆರಾ ನಿನ್ನದು, ಬರದಿದ್ರೆ ಕುರ್ಚಿ ನಿನ್ನದು."

ನನ್ನ ಕೆಲಸ ನಿಂತಿದ್ದದ್ದೇ ಅರ್ಧ ಒತ್ತುವುದರ ಮೇಲೆ. ಬಟನ್ನನ್ನು ಅರ್ಧ ಒತ್ತಿದರೆ ಕ್ಯಾಮೆರಾ ಮುಖವನ್ನು ಗುರಿ ಹಿಡಿದು ತಯಾರಾಗುತ್ತದೆ. ಉಳಿದರ್ಧ ಒತ್ತುವ ಮೊದಲು ಕಾಯಬೇಕು. ಕೂತವರಿಗೆ ಮೊದಲು ಕ್ಯಾಮೆರಾ ಕಾಣುತ್ತದೆ, ಆಮೇಲೆ ಬೇಜಾರಾಗುತ್ತದೆ, ಆಮೇಲೆ ತಮಗೊಂದು ಮುಖವಿದೆ ಅನ್ನುವುದೇ ಮರೆತುಹೋಗುತ್ತದೆ. ಅಷ್ಟರವರೆಗೆ ಬೆರಳು ಆ ನಡುವಿನ ಜಾಗದಲ್ಲಿ ನಿಂತಿರಬೇಕು. ಬೇರೆಲ್ಲದಕ್ಕೂ ನಾನು ತೂಕಡಿಕೆಯೇ. ಅಜ್ಜಿ ನನ್ನನ್ನು ಕರೆಯುವುದೂ ಹಾಗೇ. ಆದರೆ ಆ ಕಾಯುವುದೊಂದು ನನಗೆ ಬರುತ್ತಿತ್ತು.

ಯಜಮಾನರು ಆ ಹೊಸ, ದೊಡ್ಡ ಕ್ಯಾಮೆರಾವನ್ನು ಮನೆಗೆ ಒಯ್ಯಲು ಬಿಟ್ಟರು. ಮಧ್ಯಾಹ್ನ ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ ಅಭ್ಯಾಸಕ್ಕೆ ಶುರು ಮಾಡಿದೆ. ದೊಡ್ಡ ಕ್ಯಾಮೆರಾದ ಬಟನ್ ಬೆಣ್ಣೆಯ ಹಾಗೆ. ಬೇಗ ಬೇಗ ತೆಗೆಯುವವರಿಗಾಗಿ ಹಾಗೆ ಮಾಡಿದ್ದಾರೆ. ಅರ್ಧಕ್ಕೂ ಪೂರ್ತಿಗೂ ನಡುವೆ ತಡೆಯಿಲ್ಲ, ನುಣ್ಣನೆಯ ಇಳಿಜಾರು. ಆರೋಗ್ಯವಾದ ಬೆರಳು ಆ ಇಳಿಜಾರಿನಲ್ಲೂ ಕಾಲೂರಿ ನಿಲ್ಲುತ್ತದೆ. ನನ್ನದು ಒಂದೋ ಮೇಲೇ ಉಳಿಯಿತು, ಇಲ್ಲವೇ ಜಾರಿ ತಳಕ್ಕೆ ಹೋಯಿತು. ಸದ್ದು ಹಾಕಿ ನೋಡಿದೆ. ಸದ್ದು ಕೇಳಿದಾಗ ಗೊತ್ತಾಗುವುದು ಜಾರಿ ಆಯಿತು ಅಂತ. ಜಾರುವ ಮೊದಲು ಗೊತ್ತಾಗುವುದಿಲ್ಲ.

"ಆಯ್ತೇನೇ ತೂಕಡಿಕೆ? ಸೊಂಟ ಹಿಡ್ಕೊಳ್ತಿದೆ."

"ಇನ್ನೊಂದು ಅಜ್ಜಿ."

ಆಮೇಲೆ ಕಪಾಟಿನ ಕೆಳಗಿನ ಖಾನೆಯಿಂದ ಹಳೆಯದನ್ನು ತೆಗೆದೆ. ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾ. ನಾನು ಶಾಲೆಯಲ್ಲಿದ್ದಾಗ ಸೋದರಮಾವ ಕೊಡಿಸಿದ್ದು. ಬೆಳ್ಳಿ ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ, ಬ್ಯಾಟರಿಯ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಚಾರ್ಜ್ ಹಾಕಿ ಒತ್ತಿದೆ. ಗುರ್ ಎಂದು ಮೂತಿ ಹೊರಗೆ ಚಾಚಿತು, ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಸಿಟ್ಟು ಬಂದವರ ಹಾಗೆ.

ಇದರ ಬಟನ್ನಿನಲ್ಲಿ ಮೆಟ್ಟಿಲಿದೆ. ಮೊದಲು ಗಟ್ಟಿಯಾಗಿ ಒತ್ತಬೇಕು, ಅಲ್ಲಿ ನಿಲ್ಲುತ್ತದೆ, ಪೀಂ ಅನ್ನುತ್ತದೆ, ಹಸಿರು ದೀಪ ಹತ್ತುತ್ತದೆ. ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಮನಸ್ಸು ಮಾಡಿ ಇನ್ನೊಮ್ಮೆ ಒತ್ತಬೇಕು. ಬೆರಳಿಗೆ ತಿಳಿಯದಿದ್ದರೂ ಮೊಣಕೈಗೆ ತಿಳಿಯಿತು. ಅಜ್ಜಿ ಕಥೆ ಹೇಳುವಾಗ ನಾನು ಹೂಂಗುಟ್ಟದಿದ್ದರೆ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಈ ಚಿಕ್ಕದು ಪ್ರತಿಯೊಂದಕ್ಕೂ ಹೂಂಗುಟ್ಟುತ್ತದೆ. ದೊಡ್ಡದು ಎಲ್ಲ ಬಲ್ಲದು, ಹೂಂಗುಟ್ಟುವುದಿಲ್ಲ.

ಎರಡನ್ನೂ ಅಜ್ಜಿಗೆ ತೋರಿಸಿದೆ.

"ಈ ದೊಡ್ಡದರಲ್ಲಿ ನನ್ನ ಗದ್ದದ ಕೂದಲು ಎಣಿಸಬಹುದಲ್ಲೇ. ಅಳಿಸು. ಇನ್ನೂ ಮರ್ಯಾದೆಯಿಂದ ಬದುಕಬೇಕು ಅಂತಿದೀನಿ."

"ಇದು?"

ಚಿಕ್ಕದರ ಫೋಟೋದಲ್ಲಿ ಕಿಟಕಿ ಬರೀ ಬೆಳ್ಳಗೆ ಕರಗಿಹೋಗಿತ್ತು. ನೆರಳಿನ ಕಡೆಯೆಲ್ಲ ಮರಳು ಎರಚಿದ ಹಾಗಿತ್ತು. ಅಜ್ಜಿ ಬಾಯಿ ಸ್ವಲ್ಪ ತೆರೆದುಕೊಂಡು ಬೀದಿಯಲ್ಲಿ ಹೋಗುವ ಯಾರನ್ನೋ ಮೆಲ್ಲಗೆ ಬೈಯುತ್ತಿದ್ದಳು.

"ಇದು ನಾನೇ," ಅಂದಳು. "ಆದರೆ ಏನೇ ಇದು, ಧೂಳು ಹೊಡೆದಂಗಿದೆ?"

ಚಿಕ್ಕವಳಿದ್ದಾಗ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಚಳಿಗೆ ಬೆರಳಿರಲಿಲ್ಲವಂತೆ. ತನ್ನ ಶಾಲಿಗೆ ತಾನೇ ಗಂಟು ಹಾಕಿಕೊಳ್ಳಲು ಬಾರದೆ, ನೇಯುವವರ ಮಗಳೊಬ್ಬಳ ಬಳಿ ಬೆರಳು ಕಡ ಕೇಳಿತಂತೆ. ಅವಳು ಕೊಟ್ಟಳಂತೆ. ಕ್ಯಾಮೆರಾಗಳನ್ನು ಚೀಲಕ್ಕೆ ಹಾಕುತ್ತ ಕೇಳಿದೆ, "ಅಜ್ಜಿ, ಚಳಿ ಆ ಹುಡುಗಿಯ ಬೆರಳು ವಾಪಸ್ಸು ಕೊಡ್ತಾ?"

ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. "ನಿನಗೆ ಉಣ್ಣಿಸೋಕೆ ಅಂತ ನಾನು ಕಟ್ಟಿದ್ದು ಕಣೇ ಅದು. ನಿನ್ನ ತಟ್ಟೆ ಖಾಲಿಯಾದ ಕಡೆ ಕಥೆ ಮುಗೀತಿತ್ತು. ಮುಂದಿನದು ನನಗೇನು ಗೊತ್ತು."

ಶನಿವಾರ ಎರಡನ್ನೂ ಒಯ್ದೆ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಬಲ್ಬಣ್ಣ ದೀಪ ನಿಲ್ಲಿಸಿದ್ದ. ನನ್ನ ಕೈಯಲ್ಲಿದ್ದ ಕಾಂಪ್ಯಾಕ್ಟ್ ನೋಡಿ, "ಇದೇನು ಮೇಡಮ್ಮೋರೆ, ಸಾಬೂನು ಡಬ್ಬಿ? ಸ್ನಾನಕ್ಕೆ ಹೊರಟ್ರಾ?" ಅಂದ.

ಯಜಮಾನರು ಸ್ಟೂಲಿನ ಮೇಲೆ ಕೂತರು. ಊರಿನವರ ಮುಖವನ್ನೆಲ್ಲ ತೆಗೆದ ಮನುಷ್ಯ, ತಾನು ಕೂತರೆ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ. ಮೊದಲು ದೊಡ್ಡದರಲ್ಲಿ ತೆಗೆದೆ. ಹಸಿರು ಚೌಕ ಅವರ ಕಣ್ಣು ಹುಡುಕಿ ಕೂತಿತು. ಕಾಯಬೇಕು ಅಂದುಕೊಂಡೆ, ಅಷ್ಟರಲ್ಲೇ ಪಟಪಟ ಸದ್ದಾಯಿತು. ಬೆರಳೆತ್ತಿ ಮತ್ತೆ ಇಟ್ಟೆ. ಪಕ್ಕದ ಅಂಗಡಿಯ ರೋಲಿಂಗ್ ಷಟರ್ ಮೇಲೆದ್ದ ಸದ್ದು ಕೇಳಿಸಿತು. ಯಜಮಾನರು ಅತ್ತ ಕಿವಿ ಕೊಟ್ಟರು, ಕೆಳತುಟಿ ಸಡಿಲವಾಯಿತು, ನಾವಿಬ್ಬರೂ ಅಲ್ಲಿರುವುದು ಅವರಿಗೆ ಮರೆತೇಹೋಯಿತು. ಒತ್ತಿದೆ ಅಂದುಕೊಂಡೆ. ಸದ್ದು ಬರಲಿಲ್ಲ.

ಆಮೇಲೆ ಚಿಕ್ಕದು. ಪೀಂ ಅಂದಿತು. ಮೆಟ್ಟಿಲ ಮೇಲೆ ನಿಂತೆ. ಯಜಮಾನರು ಕಾಲು ಬದಲಿಸಿದರು, ಗಂಟಲು ಸರಿ ಮಾಡಿಕೊಂಡರು, ಬಲ್ಬಣ್ಣನಿಗೆ ಏನೋ ಹೇಳಲು ಹೋಗಿ ಬಿಟ್ಟರು. ನಾನು ನಿಂತೇ ಇದ್ದೆ. ಕೊನೆಗೆ ಅವರು ತಮ್ಮ ಅಂಗೈಯನ್ನು ತಾವೇ ನೋಡಿಕೊಂಡರು. ಟಕ್ ಅಂತು.

ಎರಡನ್ನೂ ಕಂಪ್ಯೂಟರಿಗೆ ಹಾಕಿ ಅಕ್ಕಪಕ್ಕ ತೆರೆದೆವು. ದೊಡ್ಡದರಲ್ಲಿ ಅವರ ಹುಬ್ಬಿನ ಒಂದೊಂದು ಕೂದಲೂ ಇತ್ತು, ಕಣ್ಣಿನ ಗೊಂಬೆಯಲ್ಲಿ ಬಲ್ಬಣ್ಣನ ದೀಪವೂ ಅದರ ಹಿಂದೆ ಅವನ ತಲೆಯೂ ಇತ್ತು. ಯಜಮಾನರು ಮಾತ್ರ ಇರಲಿಲ್ಲ. ಚಿಕ್ಕದರಲ್ಲಿ ಇದ್ದರು, ಸುಸ್ತಾದ ವಯಸ್ಸಾದ ಗಂಡಸು, ಮರಳಿನ ಹಿಂದೆ.

ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಚಿಕ್ಕದರದ್ದನ್ನು ದೊಡ್ಡದು ಮಾಡಿದರು. ಮುಖ ಚೌಕ ಚೌಕವಾಗಿ ಒಡೆಯಿತು.

"ನೀನೇ ಹೇಳು," ಅಂದರು. "ಗಿರಾಕಿಗೆ ಯಾವುದು ಕೊಡಲಿ?"

ಸುಳ್ಳು ಹೇಳಬಹುದಿತ್ತು. ಹೇಳುವಷ್ಟು ಆಸೆಯೂ ಎಲ್ಲೂ ಸಿಗಲಿಲ್ಲ. "ದೊಡ್ಡದರದ್ದೇ ಸಾರ್. ಗೋಡೆಯಷ್ಟು ಮಾಡಿದ್ರೂ ತಡೆಯತ್ತೆ. ಇದು ಅಂಗೈ ದಾಟಿದ್ರೆ ಒಡೆಯತ್ತೆ."

"ಎಡಗೈಯಲ್ಲಿ ಒತ್ತಬಾರದಾ?" ಅಂದ ಬಲ್ಬಣ್ಣ.

"ಬಟನ್ ಇರೋದೆಲ್ಲ ಬಲಕ್ಕೇ ಬಲ್ಬಣ್ಣ. ಎಡಗೈಯಲ್ಲಿ ಒತ್ತೋ ವೈರ್ ಸಿಕ್ಕಿಸಿ, ಸ್ಟ್ಯಾಂಡ್ ಹೊತ್ಕೊಂಡು ಮದುವೆ ಮನೆಯಲ್ಲಿ ಓಡೋಕಾಗತ್ತಾ?"

"ಹಾಗಾದ್ರೆ ಕುರ್ಚಿ," ಅಂದರು ಯಜಮಾನರು. ಅವರ ದನಿಯಲ್ಲಿ ನನಗಾಗಬೇಕಿದ್ದ ನೋವಿತ್ತು.

ನಾನು ಕುರ್ಚಿಯನ್ನು ನೋಡಿದೆ. ಒಳ್ಳೆಯ ಕುರ್ಚಿ, ಬೆನ್ನಿಗೆ ದಿಂಬಿತ್ತು. ಅಲ್ಲಿ ಕೂತರೆ ಬೇರೆಯವರು ತಪ್ಪಿಸಿಕೊಂಡ ಗಳಿಗೆಗಳನ್ನು ನೋಡುತ್ತ ಕೂರಬೇಕು, ಅವೆಲ್ಲ ಆಗಿಹೋದ ಮೇಲೆ.

"ಕುರ್ಚಿ ಬೇಡ ಸಾರ್. ದೀಪ ಹಿಡೀತೀನಿ. ಅದಕ್ಕೆ ಮುಷ್ಟಿ ಸಾಕು. ಕ್ಯಾಮೆರಾ ಬಲ್ಬಣ್ಣ ಹಿಡೀಲಿ, ಯಾವಾಗ ಒತ್ತಬೇಕು ಅಂತ ನಾನು ಹೇಳ್ತೀನಿ."

"ನಾನಾ?" ಬಲ್ಬಣ್ಣ ತಲೆ ಸವರಿಕೊಂಡ. "ನನ್ನ ಫೋಟೋದಲ್ಲಿ ಜನಕ್ಕೆ ಕತ್ತೇ ಇರೋದಿಲ್ಲ ತಾಯಿ."

ಯಜಮಾನರು ಎದ್ದುಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತರು. ದೊಡ್ಡ ಕ್ಯಾಮೆರಾದ ಪಟ್ಟಿಯನ್ನು ನನ್ನ ಕುತ್ತಿಗೆಯಿಂದ ತೆಗೆದು ಬಲ್ಬಣ್ಣನ ಕುತ್ತಿಗೆಗೆ ಹಾಕಿದೆ. ತೂಕ ಹೋದದ್ದು ಕುತ್ತಿಗೆಗೆ ಗೊತ್ತಾಯಿತು.

"ಅರ್ಧ ಒತ್ತಿ. ಅಲ್ಲೇ ನಿಲ್ಲಿ."

"ನಿಂತೆ. ಎಷ್ಟು ಹೊತ್ತು?"

"ಅವರಿಗೆ ನೀವಿರೋದು ಮರೆತುಹೋಗೋವರೆಗೂ."

"ಇಷ್ಟು ಹೊಳೆಯೋ ತಲೇನ ಹೇಗೆ ಮರೀತಾರೆ?"

ಯಜಮಾನರು ನಕ್ಕರು. ಬಲ್ಬಣ್ಣ ಒತ್ತಿಬಿಟ್ಟ.

"ಬೇಗ ಆಯ್ತು," ಅಂದೆ.

"ನಕ್ಕರಲ್ಲ."

"ನಗು ಬೇಡ. ನಗು ಮುಗಿದ ಮೇಲೆ ಇರತ್ತಲ್ಲ, ಅದು."

ಅವನು ಮತ್ತೆ ಕಣ್ಣಿಟ್ಟ. ನಾನು ದೀಪದ ಕಂಬವನ್ನು ಮುಷ್ಟಿಯಲ್ಲಿ ಹಿಡಿದು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ನಗು ಯಜಮಾನರ ಮುಖದಿಂದ ನಿಧಾನವಾಗಿ ಇಳಿಯಿತು, ಮೊದಲು ತುಟಿಯಿಂದ, ಆಮೇಲೆ ಕೆನ್ನೆಯಿಂದ. ಕಣ್ಣಲ್ಲಿ ಸ್ವಲ್ಪ ಉಳಿದಿತ್ತು. ಬಲ್ಬಣ್ಣ ಉಸಿರು ಬಿಗಿಹಿಡಿದು ಕೆಂಪಗಾಗಿದ್ದ.

"ಈಗ," ಅಂದೆ.

ಫೋಟೋದಲ್ಲಿ ಯಜಮಾನರ ಒಂದು ಕಿವಿ ತುಂಡಾಗಿತ್ತು. ಉಳಿದದ್ದೆಲ್ಲ ಇತ್ತು. ಅವರು ಅದನ್ನು ನೋಡಿ, ಸೋಮವಾರ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದನ್ನು ನಮ್ಮಿಬ್ಬರಿಗೂ ಹೇಳಿ ಮುಂದಿನ ಕೋಣೆಗೆ ಹೋದರು. ದೀಪದ ಚೀಲ ಹೊರುವುದು ಹೇಗೆ ಅಂತ ಬಲ್ಬಣ್ಣ ತೋರಿಸಿಕೊಟ್ಟ.