ಸದ್ದಿಲ್ಲದ ದಾರಿಗೆ ಮೈಕು ಹಚ್ಚಿದವರು

ಸದ್ದಿಲ್ಲದ ದಾರಿ ತೋರಿಸುತ್ತೇನೆಂದು ಕೊಟ್ರೇಶ್ ಹೆಂಡತಿಗೆ ಮಾತು ಕೊಟ್ಟಿದ್ದ. ಹೆಸರಲ್ಲೇ ಕೊಟ್ಟದ್ದು ಇದ್ದ ಮೇಲೆ ಕೊಡದೆ ಏನು ಮಾಡ್ಯಾನು? ಮದುವೆಯಾದಾಗಿನಿಂದ ಅವನು ಕೊಟ್ಟ ಮಾತುಗಳನ್ನು ಸಾಲಾಗಿ ನಿಲ್ಲಿಸಿದರೆ ದಾವಣಗೆರೆಯ ಸರಸ್ವತಿ ನಗರದಿಂದ ಹರಿಹರದ ಸೇತುವೆ ಮುಟ್ಟುತ್ತವೆ ಎಂದು ಸುಮಾ ತಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದಳು. ಆದರೆ ಈ ಮಾತನ್ನು ಮಾತ್ರ ಅವಳು ನಂಬಿದಳು. ನಂಬಬೇಕೆಂಬ ಆಸೆ ಅವಳಿಗೇ ಇತ್ತು.

ಹೋದ ವರ್ಷ ಹರಿಹರ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹಿಂದಿನಿಂದ ಬಂದು ಅವಳ ಸೈಕಲ್ಲಿನ ಹ್ಯಾಂಡಲ್ ಸವರಿಕೊಂಡು ಹೋಗಿತ್ತು. ಸುಮಾ ಪಕ್ಕದ ಚರಂಡಿಗೆ ಬಿದ್ದು ಮೊಣಕೈ ಮುರಿದುಕೊಂಡಳು. ಮೂಳೆ ಕೂಡಿತು. ಆದರೆ ಚರಂಡಿಯ ನಾತ ಮೂಗಿನಲ್ಲೇ ಮನೆ ಮಾಡಿತು. ಎಲ್ಲಿ ಹಾರ್ನ್ ಕೇಳಿದರೂ ಆ ನಾತ ಎದ್ದು ಬರುತ್ತಿತ್ತು, ಅದರ ಹಿಂದೆಯೇ ಕೈನಡುಕ. ಮದುವೆಗೆ ಮುಂಚೆ ಗೆಳತಿ ನೂರೀನ್ ಜೊತೆ ಉಚ್ಚಂಗಿದುರ್ಗದವರೆಗೆ ತುಳಿದು ಬಂದವಳು ಈಗ ಸೈಕಲ್ಲನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಿದ್ದಳು.

"ಒಂದೇ ಒಂದ್ ಸಲ ಬರ್ತೀನಿ," ಎಂದು ಕೊನೆಗೆ ಒಪ್ಪಿದಳು. "ಹಾರ್ನ್ ಕೇಳಿಸ್ತೋ, ಸೈಕಲ್ ಗುಜರಿಗೆ. ಆಮೇಲೆ ನನ್ ಮುಂದೆ ಆ ಮಾತೇ ಎತ್ತಬಾರ್ದು ನೋಡ್ರಿ."

"ಹಾರ್ನಾ? ಅಲ್ಲಿ ಕೊಕ್ಕರೆ ಬಿಟ್ರೆ ಯಾರೂ ಇರಲ್ಲ ತಾಯಿ," ಎಂದ ಕೊಟ್ರೇಶ್.

ಅವನಿಗೆ ಈ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಯಾವುದೋ ದೇಶದ ಸುಣ್ಣಕಲ್ಲಿನ ಬಯಲು, ಅದನ್ನು ಸೀಳಿಕೊಂಡು ಹರಿಯುವ ನದಿ, ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ಮಾತಾಡದೆ ಸೈಕಲ್ ತುಳಿಯುವ ಗಂಡಹೆಂಡತಿ. ಈ ವಿಡಿಯೋಗಳನ್ನು ಊಟದ ತಟ್ಟೆಯ ಮುಂದಿಟ್ಟುಕೊಂಡು ನೋಡುತ್ತ ಅವನು ಎಷ್ಟೋ ದಿನ ಸಾರಿಗೆ ಉಪ್ಪಿಲ್ಲದ್ದನ್ನೂ ಗಮನಿಸಿರಲಿಲ್ಲ. ಆಮೇಲೆ ತನ್ನ ಎಲೆಕ್ಟ್ರಿಕಲ್ ಅಂಗಡಿಗೆ ಬೀಗ ಹಾಕಿ ಅಲೆದಾಡಿ, ನಂದಿಗುಡಿಯಿಂದ ಆಚೆ ಹೊಳೆದಂಡೆಯಲ್ಲಿ ಒಂದು ಸುಣ್ಣಕಲ್ಲಿನ ದಿಬ್ಬ ಪತ್ತೆ ಮಾಡಿದ. ತುಂಗಭದ್ರೆ ಅಲ್ಲಿ ಬಿಳಿ ಕಲ್ಲನ್ನು ಕೊರೆದು ಆಳವಾದ ಕೊರಕಲು ಮಾಡಿಕೊಂಡಿದ್ದಳು. "ಅವರ್ದು ದೊಡ್ಡ ಪ್ಯಾಕು, ನಮ್ಮದು ಪಾಕೆಟ್ಟು, ಅಷ್ಟೇ ಫರಕು," ಎಂದಿದ್ದ. ಅಲ್ಲಿಯವರೆಗೂ ನಾಲೆಯ ಏರಿಯ ಮೇಲೆ ಮಣ್ಣುದಾರಿ.

ಭಾನುವಾರ ಬೆಳಿಗ್ಗೆ ಸೈಕಲ್ಲುಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಹರಿಹರ ದಾಟಿ, ನಾಲೆಯ ಹತ್ತಿರ ಇಳಿಸಿಕೊಂಡರು. ಸುಮಾ ಮೊದಲು ಸೈಕಲ್ಲನ್ನು ತಳ್ಳಿಕೊಂಡೇ ನಡೆದಳು. ಆಮೇಲೆ ಹತ್ತಿದಳು. ಹ್ಯಾಂಡಲ್ ಕುಡಿದವನ ಹಾಗೆ ಅತ್ತಿತ್ತ ಓಲಾಡಿ ನೆಟ್ಟಗಾಯಿತು. ಒಂದು ಕಡೆ ನಾಲೆಯ ನೀರು, ಇನ್ನೊಂದು ಕಡೆ ನಾಟಿ ಮಾಡಿದ ಗದ್ದೆ, ನಡುವೆ ಚೈನಿನ ಕಿರಿಕಿರಿ ಒಂದೇ. ದಾರಿಯಲ್ಲಿ ಯಾರೋ ಕೋಳಿಯಂಗಡಿಯ ಕಸದ ಚೀಲಗಳನ್ನು ನಾಲೆಗೆ ಒಗೆದಿದ್ದರು, ರೆಕ್ಕೆಪುಕ್ಕ ತೇಲುತ್ತಿದ್ದವು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕೆಂದು ನೋಡಿದರೆ ತೊಟ್ಟದ್ದು ಟ್ರ್ಯಾಕ್ ಪ್ಯಾಂಟು. ಮುಖ ಕಿವುಚಿಕೊಂಡು ಜೋರಾಗಿ ತುಳಿದು ದಾಟಿದಳು. ದಾಟಿದ ಮೇಲೆ ಖುಷಿಯಾಯಿತು. ತನ್ನ ಪ್ರಿನ್ಸಿಪಾಲರ ಮೂಗಿನ ದನಿ ತೆಗೆದು, "ಸುಮಾ ಮೇಡಂ, ಲೀವ್ ಲೆಟರ್ ಎಲ್ಲಿ? ನಾಲೆಯಲ್ಲಿ ಬಿಟ್ಟಿರೇನ್ರೀ?" ಎಂದಳು. ಕೊಟ್ರೇಶ್ ಬಿದ್ದು ಬಿದ್ದು ನಕ್ಕ. ನಗುತ್ತಲೇ ಇನ್ನೊಮ್ಮೆ ಫೋನ್ ತೆಗೆದು ನೋಡಿದ.

"ಯಾಕ, ಮತ್ತೆ ಮತ್ತೆ ಫೋನು?"

"ಟವರ್ ಐತೇನೋ ಅಂತ."

ಟವರ್ ಇತ್ತು. ಹಿಂದಿನಿಂದ ಪೇಂ, ಪೇಂ ಎಂದು ಹಾರ್ನೂ ಬಂತು.

ತಲೆಯ ಮೇಲೆ ಎರಡು ಮೈಕು ಹೊತ್ತ ಜೀಪು. ಒಳಗಿನಿಂದ ಆರ್ಕೆಸ್ಟ್ರಾ ನಿರೂಪಕ ಅಂಜನ್‌ನ ದನಿ: "ಸದ್ದುಗದ್ದಲವಿಲ್ಲದ, ಹೊಗೆ ರಹಿತ, ಮೌನ ಸೈಕಲ್ ಯಾತ್ರೆ ಬರ್ತಾ ಇದೆ! ದಾರಿ ಬಿಡಿ, ದಯವಿಟ್ಟು ದಾರಿ ಬಿಡಿ!" ದಾರಿ ಬಿಡಲು ಅಲ್ಲಿ ಇದ್ದದ್ದು ಕೊಕ್ಕರೆ ಮಾತ್ರ. ಅದು ದಾರಿಯನ್ನೇನು, ಗದ್ದೆಯನ್ನೇ ಬಿಟ್ಟು ಹಾರಿತು.

ಸುಮಾ ಬ್ರೇಕ್ ಹಿಡಿದಳು. ಮೂಗಿಗೆ ಚರಂಡಿ ಬಂತು. ಸೈಕಲ್ಲನ್ನು ಜಾಲಿ ಗಿಡಕ್ಕೆ ಆನಿಸಿ ಬಗ್ಗಿ ವಾಂತಿ ಮಾಡಿಕೊಂಡಳು.

ಜೀಪಿನಿಂದ ಹಾಲೇಶಪ್ಪ ಇಳಿದರು. ಕೊಟ್ರೇಶನ ಸೋದರಮಾವ. ಪಿ.ಜೆ. ಬಡಾವಣೆಯಲ್ಲಿ ಬಟ್ಟೆ ಅಂಗಡಿ, ಊರಲ್ಲಿರುವ ಸಂಘಗಳಲ್ಲಿ ಅರ್ಧಕ್ಕೆ ಅಧ್ಯಕ್ಷಗಿರಿ. ಕೆಲವರು ಶಾಲೆಯಿಂದ ಮುಂದೆ ಬರುತ್ತಾರೆ, ಇವರು ಶಾಲಿನಿಂದ ಮುಂದೆ ಬಂದವರು. ಬಳಗದಲ್ಲಿ ಯಾರು ಟ್ರ್ಯಾಕ್ಟರ್ ಕೊಂಡರೂ, ಯಾರು ಆಸ್ಪತ್ರೆಯಿಂದ ಮನೆಗೆ ಬಂದರೂ, ಹಾರ, ಪೇಟ, ಶಾಲು ಹಾಕಿ ಎರಡು ಮಾತಾಡದೆ ಬಿಟ್ಟವರಲ್ಲ.

"ಪಿತ್ತ ಆಗೈತೆ ನೋಡವ್ವಾ. ಬೆಳಗೆ ಏನೂ ತಿಂದಿಲ್ಲೇನು?" ಎಂದು ಬಾಯಲ್ಲಿನ ಗುಟ್ಕಾ ಗಲ್ಲದ ಕಡೆ ಸರಿಸಿ ಕೇಳಿದರು. "ನಮ್ ಸೊಸಿ ಮತ್ತೆ ಸೈಕಲ್ ಹತ್ತ್ಯಾಳೆ ಅಂದ್ರೆ ಸುಮ್ನೆ ಇರಕ್ಕಾಗ್ತೈತಾ? ಏ ಅಂಜನ್, ಜೋರಾಗಿ ಹೇಳಲೇ!"

ಸುಮಾ ಗಂಡನ ಮುಖ ನೋಡಿದಳು.

"ನನಗೂ ಗೊತ್ತಿಲ್ಲ ಕಣೆ," ಎಂದ ಕೊಟ್ರೇಶ್. "ಯಾರೋ ಹೇಳ್ಯಾರೆ ಮಾಮಂಗೆ. ಇನ್ನೇನು ದಿಬ್ಬ ಬಂದೇಬಿಡ್ತು, ಅವ್ರು ಮುಂದೆ ಹೋಗ್ಲಿ, ನಾವು ಹಿಂದಿಂದ ಹೋಗಣ."

ಅವನೂ ಪಾಪ ತನ್ನಂತೆಯೇ ಸಿಕ್ಕಿಬಿದ್ದಿದ್ದಾನೆ ಎಂದು ಅವಳಿಗನ್ನಿಸಿತು. ಅಷ್ಟಕ್ಕೇ ಬಾಯಿ ತೊಳೆದುಕೊಂಡು, ಜೀಪಿನ ಧೂಳು ಕುಡಿಯುತ್ತ, ಮತ್ತೆ ಸೈಕಲ್ ಹತ್ತಿದಳು.

ಸುಣ್ಣಕಲ್ಲಿನ ದಿಬ್ಬ ನಿಜವಾಗಿಯೂ ಇತ್ತು. ಹೊಳೆ ಅದರ ನಡುವೆ ಹಸಿರಾಗಿ, ಸಣ್ಣಗೆ ಹರಿಯುತ್ತಿತ್ತು. ಆದರೆ ಬಿಳಿ ಕಲ್ಲಿನ ಮೇಲೆ ಕೆಂಪು ಪೇಂಟಿನಲ್ಲಿ "ಹಾಲೇಶಪ್ಪ ಅಭಿಮಾನಿ ಬಳಗ, ಸ್ವಾಗತ" ಎಂದು ಬರೆದಾಗಿತ್ತು. ಪೇಂಟು ಸಾಲದೆ ಬಂದಲ್ಲಿ ಗುಟ್ಕಾ ಉಗುಳಿದ್ದರು, ಬಣ್ಣ ಹೆಚ್ಚುಕಡಿಮೆ ಹೊಂದಿಕೆಯಾಗಿತ್ತು. ಶಾಮಿಯಾನದ ಕೆಳಗೆ ಬಳಗದವರು ಖಾರ ಮಂಡಕ್ಕಿ, ಮಿರ್ಚಿ ತಿಂದು, ಎಣ್ಣೆ ಕೈಯನ್ನು ಕಲ್ಲಿಗೆ ಒರೆಸಿ, ಕಾಗದದ ತಟ್ಟೆಗಳನ್ನು ಕೊರಕಲಿಗೆ ಬಿಡುತ್ತಿದ್ದರು. ಹೊಳೆ ಅವನ್ನು ಒಂದೊಂದಾಗಿ ಹರಿಹರದ ಕಡೆಗೆ ಒಯ್ಯುತ್ತಿತ್ತು.

ಶಾಮಿಯಾನದ ಹಿಂದೆ ಫ್ಲೆಕ್ಸು.

ಫ್ಲೆಕ್ಸಿನಲ್ಲಿ ಸುಮಾ ಇದ್ದಳು. ಆಸ್ಪತ್ರೆಯ ಮಂಚ, ಪ್ಲಾಸ್ಟರ್ ಕೈ, ತೆರೆದ ಬಾಯಿ, ಬಾಯಂಚಿನಲ್ಲಿ ಜೊಲ್ಲು. ಸುತ್ತ ಗುಂಡು ಗುಂಡು ಚೌಕಟ್ಟುಗಳಲ್ಲಿ ಕೈಮುಗಿದ ಮುಖಗಳು. ಮೇಲೆ, "ಲಾರಿಯನ್ನೇ ಮಣಿಸಿದ ಧೀರ ಮಹಿಳೆಗೆ ಸನ್ಮಾನ".

ಆ ಫೋಟೋ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾತ್ರೆಯ ಮಂಪರಿನಲ್ಲಿ ಮಲಗಿದ್ದಾಗ ಕೊಟ್ರೇಶ್ ತಮಾಷೆಗೆ ತೆಗೆದದ್ದು. ಬೇರೆ ಯಾರ ಫೋನಿನಲ್ಲೂ ಇರಲಿಲ್ಲ.

ಅವಳು ತಿರುಗಿದಳು. ಕೊಟ್ರೇಶನ ಕೊರಳಲ್ಲಿ ಆಗಲೇ ಹಾರ. ತಲೆಯ ಪೇಟ ಕಿವಿಯವರೆಗೆ ಇಳಿದಿತ್ತು. ಕ್ಯಾಮೆರಾ ಕಡೆ ಮುಖ ಮಾಡಿ ಅವನು ನಗುತ್ತಿದ್ದ, ಸಿಕ್ಕಿಬಿದ್ದವನ ನಗುವಲ್ಲ ಅದು.

"ನೀವ್ ಕೊಟ್ರೇನು ಇದನ್ನ?"

"ಮಾಮ ಕೇಳಿದ್ರು... ನಿನಗೆ ಒಂದು ಸರ್‌ಪ್ರೈಸು ಅಂತ," ಕೊಟ್ರೇಶ್ ದನಿ ತಗ್ಗಿಸಿದ. "ಎಲ್ರೂ ನೋಡ್ತಾ ಅದಾರೆ, ಸ್ವಲ್ಪ ನಗು."

"ಜೊಲ್ಲು ಸುರಿಸ್ಕಂಡು ಮಲಗಿರೋದೇ ಸಿಕ್ತೇನ್ರಿ ನಿಮಗೆ?"

"ಅದ್ರಲ್ಲೇ ಪ್ಲಾಸ್ಟರ್ ಚೆನ್ನಾಗ್ ಕಾಣ್ತಿತ್ತು," ಎಂದ, ಬಹಳ ಪ್ರಾಮಾಣಿಕವಾಗಿ.

ಅಷ್ಟರಲ್ಲಿ ಹಾಲೇಶಪ್ಪ ಅವಳ ಹೆಗಲಿಗೆ ಶಾಲು ಹೊದಿಸಿಯೇಬಿಟ್ಟರು. ಎಷ್ಟು ಜನ ಸನ್ಮಾನಿತರ ಬೆವರು ಕುಡಿದ ಶಾಲೋ. ಅದರ ಮೇಲೆ ನುಸಿಗುಳಿಗೆಯ ವಾಸನೆ, ಅದರ ಮೇಲೆ ಮಾವನ ಬಾಯಿಯ ಗುಟ್ಕಾ ವಾಸನೆ. "ಸೊಸಿ ಎರಡು ಮಾತಾಡ್ತಾಳೆ," ಎಂದು ಅವರು ಮೈಕನ್ನು ಅವಳ ಬಾಯಿಗೆ ಹಿಡಿದರು.

ಸುಮಾ ಮೈಕ್ ತೆಗೆದುಕೊಂಡಳು. ಸುತ್ತ ನೋಡಿದಳು. ಉಸಿರು ತುಂಬಿಕೊಂಡು, ತನ್ನನ್ನು ಚರಂಡಿಗೆ ಕೆಡವಿದ ಲಾರಿಯ ಹಾರ್ನನ್ನು, ಅದರ ಕೊನೆಯ ಕೀರಲು ಎಳೆಯ ಸಮೇತ, ಗಂಟಲು ಬಿರಿಯುವ ಹಾಗೆ ತೆಗೆದಳು. ಕೊರಕಲು ಅದನ್ನು ಹಿಡಿದು ಎರಡು ಪಟ್ಟು ಮಾಡಿ ವಾಪಸು ಕೊಟ್ಟಿತು. ಬಳಗವೆಲ್ಲ ಲಾರಿಗೆ ದಾರಿ ಬಿಡುವಂತೆ ದಿಗ್ಗನೆ ಬದಿಗೆ ಹಾರಿತು. ಹಾಲೇಶಪ್ಪನವರು ಗುಟ್ಕಾ ನುಂಗಿಕೊಂಡರು.

"ಇಷ್ಟೇ ಮಾಮಾರೆ, ನನ್ನ ಎರಡು ಮಾತು," ಎಂದು ಮೈಕನ್ನು ಅವರ ಕೈಗಿಟ್ಟು, ಶಾಲನ್ನು ಕುರ್ಚಿಯ ಮೇಲೆ ಹಾಕಿ, ಅವಳು ಸೈಕಲ್ ಹತ್ತಿದಳು.

ನಾಲೆಯ ಏರಿಗೆ ಜೀಪು ಅಡ್ಡ ನಿಂತಿತ್ತು. ಇನ್ನುಳಿದದ್ದು ನಂದಿಗುಡಿಯ ಮೇಲೆ ಹರಿಹರಕ್ಕೆ ಹೋಗುವ ಡಾಂಬರು ರಸ್ತೆ. ಭತ್ತ, ಇಟ್ಟಿಗೆ, ಜಲ್ಲಿ ಹೊತ್ತ ಲಾರಿಗಳ ರಸ್ತೆ. ಸುಮಾ ಕ್ಷಣ ಹೊತ್ತು ನಿಂತಳು. ಹಿಂದೆ ಅಂಜನ್ "ಭಾವುಕರಾದ ಸುಮಾ ಮೇಡಂ ಅವರಿಗೆ ಜೋರು ಚಪ್ಪಾಳೆ" ಎಂದು ಶುರುಮಾಡಿದ. ಅವಳು ಡಾಂಬರಿನ ಕಡೆಗೆ ಹ್ಯಾಂಡಲ್ ತಿರುಗಿಸಿದಳು.

ಕೊಟ್ರೇಶ್ ಪೇಟದ ಸಮೇತ ತುಳಿದುಕೊಂಡು ಬಂದು ಹಿಂದೆ ಬಿದ್ದ. "ಸುಮಾ, ಬ್ಯಾಡ ಕಣೆ! ಲಾರಿ ಓಡಾಡ್ತಾವೆ! ಜೀಪಲ್ಲಿ ಸೈಕಲ್ ಹಾಕ್ಕಂಡು ಹೋಗಣ!"

ಅವನ ಮಾತು ಮುಗಿಯುವ ಮೊದಲೇ ಹಿಂದೆ ಹಾರ್ನ್ ಕೇಳಿತು. ನಿಜವಾದದ್ದು. ಸುಮಾ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. ಚರಂಡಿಯ ನಾತಕ್ಕಾಗಿ ಅವಳು ಹಲ್ಲು ಕಚ್ಚಿ ಕಾದಳು. ಅದು ಬರಲಿಲ್ಲ. ಮೂಗಿನ ತುಂಬ ನುಸಿಗುಳಿಗೆಯೂ ಗುಟ್ಕಾವೂ ಕೂತಿದ್ದವು, ಚರಂಡಿಗೆ ಜಾಗವೇ ಇರಲಿಲ್ಲ. ಲಾರಿ ಒಂದು ಮಾರು ದೂರದಲ್ಲಿ ಹೊಟ್ಟಿನ ಧೂಳು ಎರಚಿಕೊಂಡು ಹೋಯಿತು. ಆ ಡ್ರೈವರನಿಗೆ ಅವಳ ಹೆಸರು ಬೇಕಿರಲಿಲ್ಲ, ಫೋಟೋ ಬೇಕಿರಲಿಲ್ಲ, ದಾರಿ ಸಿಕ್ಕರೆ ಸಾಕಿತ್ತು. ಸುಮಾ ಬಾಯಲ್ಲಿನ ಧೂಳು ಉಗಿದು ತುಳಿದಳು.

ಕೊಟ್ರೇಶ್ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದ. "ತಪ್ಪಾತು. ಈಗ ಏನ್ ಮಾಡ್ಬೇಕು ಹೇಳು, ಮಾಡ್ತೀನಿ. ಮಾತು ಕೊಡ್ತೀನಿ."

"ಮಾತು ಬ್ಯಾಡ. ಹೋಗಿ ಆ ಫ್ಲೆಕ್ಸ್ ಹರಿದು ಹಾಕ್ರಿ. ಮಾಮಾರ್ ಎದುರಿಗೇ."

"ಮಾಮನ ಎದುರಿಗಾ?"

ಕೊಟ್ರೇಶ್ ಸೈಕಲ್ ನಿಲ್ಲಿಸಿ, ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೊಳೆಯ ಕಡೆ ನೋಡಿದ. ಮೈಕು ಅಲ್ಲಿಂದಲೂ ಕೇಳುತ್ತಿತ್ತು. ಅವಳು ಕಾಯಲಿಲ್ಲ. ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತ ಹಿಂದೆ ಬಂದಾಗ ರಸ್ತೆಯ ಅಂಚಿಗೆ ಸರಿದು, ತಿರುಗಿ ನೋಡದೆ, ಹೋಗು ಮುಂದೆ ಎಂದು ಬಲಗೈ ಬೀಸಿದಳು.