ಬಣ್ಣ ಹೋದ ಡ್ಯೂಟಿ ಪಟ್ಟಿ

ಬುಧವಾರ ಬೆಳಿಗ್ಗೆ ಪಟ್ಟಿಯಕ್ಕ ಕಂಪ್ಯೂಟರ್ ಹಾಕಿದಾಗ ಅದು ಅವಳನ್ನು ಗುರುತೇ ಇಲ್ಲದವರ ಹಾಗೆ ನೋಡಿತು. ಮೇಲಿದ್ದ ಗುಂಡಿಗಳೆಲ್ಲ ಎಡಕ್ಕೆ ಸರಿದಿದ್ದವು, ಎಡಕ್ಕಿದ್ದವು ಎಲ್ಲಿಯೂ ಇರಲಿಲ್ಲ. ಸೇವ್ ಮಾಡುವ ಗುಂಡಿಯ ಜಾಗದಲ್ಲಿ ಒಂದು ಮೋಡ ಕೂತಿತ್ತು. ನಡುವೆ ಒಂದು ಚೌಕ ಎದ್ದು ಬಂದು, "ಹೊಸದೇನಿದೆ ನೋಡೋಣವೇ?" ಎಂದು ಕೇಳಿತು. ಉತ್ತರಕ್ಕೆ ಎರಡೇ ದಾರಿ: "ಸರಿ" ಮತ್ತು "ಆಮೇಲೆ". "ಬೇಡ" ಎನ್ನುವ ಮಾತನ್ನು ಅದನ್ನು ಮಾಡಿದವರಿಗೆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲವೇನೋ.

ನಾವು ನಾಲ್ಕು ದಿನ ಊರಲ್ಲಿಲ್ಲದಾಗ ನೆಂಟರು ಬಂದು ಅಡುಗೆಮನೆಯ ಡಬ್ಬಗಳನ್ನೆಲ್ಲ ಚೊಕ್ಕವಾಗಿ ಜೋಡಿಸಿಟ್ಟು ಹೋದರೆ ಹೇಗಿರುತ್ತದೆ, ಹಾಗೆ. ಸಕ್ಕರೆ ಇದ್ದಲ್ಲಿ ಉಪ್ಪು. ಬೈಯುವಂತಿಲ್ಲ, ಪಾಪ, ಒಳ್ಳೆಯದಕ್ಕೇ ಮಾಡಿದ್ದಾರೆ. ಪಟ್ಟಿಯಕ್ಕ ಮಾತ್ರ ಬೈದಳು. ಜೋರಾಗಿಯೇ ಬೈದಳು.

ಅವಳು ಬಸ್ ಡಿಪೋದ ಮೊದಲ ಮಹಡಿಯಲ್ಲಿ, ಡೀಸೆಲ್ ಹೊಗೆಗೆ ಹೆದರಿ ಎಂದೂ ತೆರೆಯದ ಕಿಟಕಿಯ ಪಕ್ಕ ಕೂತು, ಐವತ್ತೆರಡು ಜನ ಡ್ರೈವರ್ ಕಂಡಕ್ಟರುಗಳಿಗೆ ಡ್ಯೂಟಿ ಹಾಕುವವಳು. ಯಾರು ಯಾವ ಬಸ್ಸಿಗೆ, ಯಾವ ಪಾಳಿಗೆ, ಯಾರ ಜೊತೆಗೆ ಎಂದು ಪ್ರತಿ ತಿಂಗಳು ಪಟ್ಟಿ ಮಾಡುವುದು ಹದಿನೆಂಟು ವರ್ಷದಿಂದ ಅವಳದೇ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಗುಂಡಿಗಳು ಎಲ್ಲಿಗೆ ಹೋದರೂ ಹುಡುಕಿ ಹಿಡಿಯಬಹುದಿತ್ತು. ಪಟ್ಟಿಯನ್ನು ಮಾತ್ರ ಅವಳು ಮುಚ್ಚಿ, ಮತ್ತೆ ತೆರೆದು ನೋಡಿದಳು. ಬಣ್ಣಗಳೆಲ್ಲ ಹೋಗಿದ್ದವು. ಐವತ್ತೆರಡು ಹೆಸರೂ ಒಂದೇ ಬೂದು ಚೌಕಗಳಲ್ಲಿ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು.

ಈ ಬಣ್ಣಗಳ ಅರ್ಥ ಅವಳೊಬ್ಬಳಿಗೇ ಗೊತ್ತಿದ್ದದ್ದು. ಯಾರಿಗೂ ವಿಶೇಷ ಅನುಕೂಲ ಮಾಡಿಕೊಡಬಾರದೆಂದು ಡಿಪೋದ ನಿಯಮ. ಆದರೆ ಜನ ಬಂದು ಮೇಜಿನ ಮುಂದೆ ನಿಂತು ಕಷ್ಟ ಹೇಳಿಕೊಂಡರೆ ನಿಯಮದ ಪುಸ್ತಕ ತೋರಿಸುವ ಜಾತಿಯವಳಲ್ಲ ಪಟ್ಟಿಯಕ್ಕ. ಬರೆದಿಟ್ಟರೆ ಸಿಕ್ಕಿಬೀಳುತ್ತಾಳೆ. ಅದಕ್ಕೇ ಹೆಸರಿನ ಹಿಂದೆ ಒಂದು ಬಣ್ಣ ಬಳಿದುಬಿಡುತ್ತಿದ್ದಳು. ಒಟ್ಟಿಗೆ ಪಾಳಿ ಬೇಕೆಂದ ಗಂಡಹೆಂಡತಿಗೆ ಹಸಿರು. ಜಗಳವಾಡಿ ಮುಖ ನೋಡದ ಭಾವಮೈದುನರಿಗೆ ಕೆಂಪು. ಒಂದು ಗಂಟೆಗೆ ಮನೆ ಸೇರಬೇಕಾದ ಡ್ರೈವರಿಗೆ ಹಳದಿ. ಹೀಗೆ ಹನ್ನೊಂದು ಬಣ್ಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣುದನಿ ಸಿಕ್ಕಿತು.

"ಬಣ್ಣಗಳನ್ನ ಸರಳ ಮಾಡಿದೀವಿ ಮೇಡಂ. ಈಗ ಕಣ್ಣಿಗೆ ತಂಪು."

"ನನ್ನ ಕಣ್ಣಲ್ಲಿ ಬೆಂಕಿ ಬಿದ್ದಿದೆ ಕಣಮ್ಮ. ಹಳೇದು ವಾಪಸ್ ಕೊಡು."

"ಹಳೇದಕ್ಕೆ ಹೋಗೋಕಾಗಲ್ಲ ಮೇಡಂ. ಹೊಸದು ಅಭ್ಯಾಸ ಆಗುತ್ತೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ?"

"ಸೊನ್ನೆ ಇದೆಯಾ?"

"ಒಂದರಿಂದ ಶುರು ಮೇಡಂ."

ಸಾಫ್ಟ್‌ವೇರ್ ಬದಲಾದದ್ದನ್ನು ಕೇಳಿ ಡಿಪೋ ಮೇನೇಜರು ಖುಷಿಪಟ್ಟರು. ಅವರು ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಹೊಸದೆಂದರೆ ಪ್ರಾಣ. "ನೋಡಿ ಮೇಡಂ, ಇಲ್ಲೊಂದು 'ತಾನೇ ತಯಾರಿಸು' ಗುಂಡಿ ಬಂದಿದೆ. ಒತ್ತಿದ್ರೆ ಎರಡು ನಿಮಿಷ, ಪಟ್ಟಿ ರೆಡಿ. ನೀವು ಸುಮ್ನೆ ಒದ್ದಾಡ್ತೀರಿ."

"ಅದಕ್ಕೇನು ಗೊತ್ತು ಸರ್, ಜನರ ಕಷ್ಟ?"

"ಕಷ್ಟ ಯಾವುದಾದ್ರೂ ಇದ್ರೆ ಎಲ್ಲಿ ಬರೆದಿಟ್ಟಿದೀರಿ, ತೋರಿಸಿ."

ಬಣ್ಣದ ಮಾತೆತ್ತಿದರೆ ನಿಯಮ ಮುರಿದದ್ದನ್ನು ಒಪ್ಪಿಕೊಂಡಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ.

ಕೊನೆಗೆ ಒಪ್ಪಂದ ಹೀಗಾಯಿತು: ಶುಕ್ರವಾರ ಸಂಜೆ ಐದರೊಳಗೆ ಅವಳ ಪಟ್ಟಿ ಬಂದರೆ ಸರಿ. ಇಲ್ಲದಿದ್ದರೆ ಮೇನೇಜರು ಆ ಗುಂಡಿ ಒತ್ತುವುದು, ಮುಂದೆಯೂ ಪ್ರತಿ ತಿಂಗಳು ಅದನ್ನೇ ಒತ್ತುವುದು. ಹಳೆಯ ಪಟ್ಟಿಯನ್ನು ನಕಲು ಮಾಡೋಣವೆಂದರೆ ಈ ತಿಂಗಳಿಂದ ಬಸ್ಸಿನ ವೇಳೆಗಳೇ ಬದಲು. ನೆನಪಿನಿಂದ ಬರೆಯೋಣವೆಂದು ಕೂತರೆ ಹತ್ತು ಹೆಸರಿಗೇ ನಿಂತುಹೋಯಿತು. ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ಕಣ್ಣು. ತಲೆಗೆ ಆ ಕೆಲಸವನ್ನು ಅವಳು ಕೊಟ್ಟೇ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಗುರುವಾರ ಬೆಳಿಗ್ಗೆ ಪಟ್ಟಿಯಕ್ಕ ಒಂದು ನೋಟ್‌ಬುಕ್ ಹಿಡಿದು, ನೋಯುವ ಮೊಣಕಾಲಿನಲ್ಲಿ ಮೆಟ್ಟಿಲಿಳಿದು, ಬಸ್ಸುಗಳ ನಡುವೆ ಹೋಗಿ ನಿಂತಳು. ಬಂದವರನ್ನೆಲ್ಲ ನಿಲ್ಲಿಸಿ ಕೇಳಿದಳು: "ನಿಮಗೆ ಏನು ಅನುಕೂಲ ಬೇಕಿತ್ತು, ಇನ್ನೊಂದ್ಸಲ ಹೇಳಿ."

ಮೊದಲು ಸಿಕ್ಕವಳು ಹಸಿರು ಬಣ್ಣದ ಹೆಂಡತಿ, ಕಂಡಕ್ಟರ್. ಆಚೀಚೆ ನೋಡಿ, ಅಕ್ಕನ ಕೈ ಹಿಡಿದು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಬೇರೆ ಪಾಳಿ ಹಾಕಿ. ಮದುವೆ ಹೊಸದರಲ್ಲಿ ಏನೋ ಕೇಳ್ಕೊಂಡ್ವಿ. ಒಂಬತ್ತು ವರ್ಷ ಆಯ್ತು. ಮನೇಲೂ ಅವರೇ, ಬಸ್ಸಲ್ಲೂ ಅವರೇ. ಸ್ಟಾಪಲ್ಲಿ ನಾನು ಸೀಟಿ ಊದಿದ್ರೂ 'ಯಾಕೆ ಕೂಗ್ತೀಯ' ಅಂತಾರೆ."

"ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಅಷ್ಟು ಪ್ರೀತಿಯಿಂದ ಹಾಕಿಕೊಡ್ತಿದ್ರಿ. ಹೇಗೆ ಹೇಳೋದು?"

ಭಾವಮೈದುನರು ಒಂದೇ ಬೆಂಚಿನ ಮೇಲೆ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಅವರು ರಾಜಿಯಾಗಿ ನಾಲ್ಕು ವರ್ಷವಾಗಿತ್ತಂತೆ.

"ನಮ್ಮನ್ನ ಒಂದು ದಿನವೂ ಒಂದೇ ಗಾಡಿಗೆ ಹಾಕಲ್ವಲ್ಲ ಅಂತ ನಾವೇ ತಲೆ ಕೆಡಿಸ್ಕೊಂಡಿದ್ವಿ," ಎಂದ ಭಾವ. "ಆಫೀಸಿಗೆ ನಮ್ಮ ಮೇಲೆ ಏನೋ ಅನುಮಾನ ಅಂತ ಇವನು ನಿದ್ದೆ ಬಿಟ್ಟಿದಾನೆ."

ಗುರುವಾರ ಹೀಗೇ ಹೋಯಿತು. ಒಬ್ಬನಿಗೆ ಬೆನ್ನುನೋವು ವಾಸಿಯಾಗಿತ್ತು. ಇನ್ನೊಬ್ಬಳ ಮಗು ಬೆಳಿಗ್ಗೆ ಶಾಲೆಗೆ ಬಿಟ್ಟುಬರುವ ವಯಸ್ಸು ದಾಟಿ, ಈಗ ಅಮ್ಮ ಜೊತೆಗೆ ಬಂದರೆ ನಾಚಿಕೊಳ್ಳುತ್ತಿತ್ತು. ನಿಜವಾಗಿ ಅನುಕೂಲ ಬೇಕಾದ ಏಳು ಜನ ಹೊಸಬರು ಕೇಳಲು ಹೆದರಿ ಸುಮ್ಮನಿದ್ದರು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಪಟ್ಟಿಯಕ್ಕನಿಗೆ ಮುಖ ಬಿಸಿಯಾಯಿತು. ಹೊಸ ಸಾಫ್ಟ್‌ವೇರಿನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಐವತ್ತೆರಡು ಜನರನ್ನು ಅಂಗೈಯಲ್ಲಿಟ್ಟುಕೊಂಡಿದ್ದೇನೆಂಬ ಅವಳ ಜಂಬ ಮಾತ್ರ ಇಳಿಯುತ್ತಿತ್ತು.

ಒಬ್ಬರನ್ನು ಮಾತ್ರ ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಹನ್ನೊಂದು ವರ್ಷದ ಹಿಂದೆ, ಹಾಸಿಗೆ ಹಿಡಿದ ತಾಯಿಗೆ ತಾನೇ ತುತ್ತಿಡಬೇಕೆಂದು ಬಂದು ನಿಂತಿದ್ದ ಡ್ರೈವರ್. ಒಂದು ಗಂಟೆಗೆ ಮನೆ ಹತ್ತಿರದ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಅರ್ಧ ಗಂಟೆಯ ಬಿಡುವಿನಲ್ಲಿ ಊಟ ಮಾಡಿಸಿ ಬರುತ್ತಿದ್ದ. ಡಿಪೋದಲ್ಲಿ ಅವನಿಗೆ ಒಂದುಗಂಟೆಯಣ್ಣ ಎಂದೇ ಹೆಸರು. ಆ ಒಂದು ಗಂಟೆಗಾಗಿ ಅಕ್ಕ ಮಿಕ್ಕವರ ಪಾಳಿಗಳನ್ನು ಎಷ್ಟು ಸಲ ತಿರುವಿಹಾಕಿದ್ದಳೋ ಲೆಕ್ಕವಿಲ್ಲ. ಅವಳಿಗೆ ಅತಿ ಹೆಮ್ಮೆಯ ಚೌಕ ಅದು.

ಶುಕ್ರವಾರ ನಾಲ್ಕೂವರೆಗೆ ಅವನೇ ಮೆಟ್ಟಿಲು ಹತ್ತಿ ಬಂದ.

"ಎಲ್ಲರನ್ನೂ ಕೇಳಿದ್ರಂತೆ, ನನ್ನ ಕೇಳಲೇ ಇಲ್ಲ."

"ನಿಮ್ಮದು ಕೇಳೋದೇನಿದೆ ಅಣ್ಣ? ಒಂದು ಗಂಟೆ ಭದ್ರವಾಗಿದೆ. ಮೊದಲು ಹಾಕಿದ್ದೇ ನಿಮ್ಮದು. ಅಮ್ಮ ಹೇಗಿದಾರೆ?"

ಅವನು ಕುರ್ಚಿ ಎಳೆದುಕೊಂಡು ಕೂತ.

"ಅಮ್ಮ ಹೋಗಿ ಎರಡೂವರೆ ವರ್ಷ ಆಯ್ತು ಅಕ್ಕ."

ಅಕ್ಕ ಕಂಪ್ಯೂಟರ್ ಬಿಟ್ಟು ಅವನ ಕಡೆ ತಿರುಗಿ ಕೂತಳು.

"ನೀವು ಆಗ ಮೊಣಕಾಲಿನ ಆಪರೇಷನ್ ಆಗಿ ರಜೆಯಲ್ಲಿದ್ರಿ. ನೀವು ಬಂದ ಮೇಲೆ ಹೇಳೋಣ ಅಂತ ಬಂದೆ. ನೀವು ಪಟ್ಟಿ ತೋರಿಸಿ, 'ಒಂದು ಗಂಟೆ ಇಟ್ಟಿದೀನಿ, ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳಿ' ಅಂದ್ರಿ. ಬೇರೆಯವರೆಲ್ಲ ಅಮ್ಮನ ಸುದ್ದಿ ಎತ್ತೋದನ್ನೇ ಬಿಟ್ಟಿದ್ರು. ನೀವೊಬ್ಬರೇ ಪ್ರತಿ ತಿಂಗಳು ಹೇಗಿದಾರೆ ಅಂತ ಕೇಳ್ತಿದ್ದದ್ದು. ಕೇಳಿಸ್ಕೊಳ್ಳೋಕೆ ಚೆನ್ನಾಗಿರ್ತಿತ್ತು. ಚೆನ್ನಾಗಿದಾರೆ ಅಂದುಬಿಡ್ತಿದ್ದೆ."

"ಮತ್ತೆ ಒಂದು ಗಂಟೆಗೆ?"

"ಹೋಗ್ತಿದ್ದೆ. ಬಾಗಿಲು ತೆಗೆದು, ಊಟ ಮಾಡಿ, ಬರ್ತಿದ್ದೆ."

ಪಟ್ಟಿಯಕ್ಕನಿಗೆ ಅಳು ಬಂತು. ಕನ್ನಡಕ ತೆಗೆದು ಒರೆಸಿಕೊಂಡಳು, ಅದರಲ್ಲಿ ಮುಚ್ಚುಮರೆ ಏನೂ ಮಾಡಲಿಲ್ಲ. ಅವನು ಗೋಡೆಯ ಗಡಿಯಾರ ನೋಡಿ, "ಐದರೊಳಗೆ ಕೊಡ್ಬೇಕಂತಲ್ಲ, ಬೇಗ ಮಾಡಿ," ಎಂದ.

"ಏನು ಹಾಕಲಿ, ಹೇಳಿ."

"ಅಣೆಕಟ್ಟಿನ ರೂಟು ಹಾಕಿ. ಬೆಳಿಗ್ಗೆ ಹೋದ್ರೆ ಸಂಜೆ ಬರೋದು. ಅಲ್ಲಿ ನೀರೆಲ್ಲ ನೋಡೋಕೆ ಚೆನ್ನಾಗಿರುತ್ತಂತೆ."

"ಮಧ್ಯಾಹ್ನ ಅಲ್ಲಿ ಊಟಕ್ಕೆ ಏನೂ ಸಿಗಲ್ಲ ಅಣ್ಣ."

"ಕಟ್ಕೊಂಡು ಹೋಗ್ತೀನಿ. ಅಡುಗೆ ಹೇಗೂ ದಿನಾ ಜಾಸ್ತಿ ಆಗುತ್ತೆ. ಒಬ್ಬನಿಗೆ ಎಷ್ಟು ಅಂತ ಅಂದಾಜೇ ಸಿಕ್ಕಿಲ್ಲ, ಇನ್ನೂ ಇಬ್ಬರಿಗೆ ಆಗೋಷ್ಟೇ ಮಾಡ್ತೀನಿ."

ಅಕ್ಕ ಅವನ ಹೆಸರನ್ನು ಅಣೆಕಟ್ಟಿನ ರೂಟಿಗೆ ಸರಿಸಿದಳು. ಹೊಸ ಪರದೆಯಲ್ಲಿ ಅದೊಂದಕ್ಕೇ ನಾಲ್ಕು ಸಲ ಒತ್ತಬೇಕಾಯಿತು.

"ಕಂಡಕ್ಟರ್ ಯಾರು ಬೇಕು?"

"ಯಾರಾದ್ರೂ ಸರಿ," ಎಂದು ಅವನು ಎದ್ದ. ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಚೆನ್ನಾಗಿ ಉಣ್ಣೋರನ್ನ ಹಾಕಿ ಅಕ್ಕ."

ಐದಕ್ಕೆ ಏಳು ನಿಮಿಷ ಬಾಕಿ ಇತ್ತು. ಪಟ್ಟಿಯಕ್ಕ ಕನ್ನಡಕ ಹಾಕಿಕೊಂಡು, ಕಂಡಕ್ಟರುಗಳ ಹೆಸರುಗಳನ್ನು ಮೊದಲಿನಿಂದ ಒಂದೊಂದಾಗಿ ಓದತೊಡಗಿದಳು.